ರೈಸ್ ಕುಕ್ಕರ್ ಕೊಳ್ಳುವ ಮೊದಲು ಅಕ್ಕಿ ಡಬ್ಬಿಯ ಮುಚ್ಚಳ ತೆಗೆಯಿರಿ

ಅಂಗಡಿಯವರು ಮೊದಲು ಕೇಳುವುದು "ಮನೆಯಲ್ಲಿ ಎಷ್ಟು ಜನ?" ಅಂತ. ಆಮೇಲೆ "ಎಷ್ಟರೊಳಗೆ ಬೇಕು?" ಅಂತ. ಎರಡೂ ಸರಿಯಾದ ಪ್ರಶ್ನೆಗಳೇ, ಆದರೆ ಅವುಗಳ ಸರದಿ ಆಮೇಲಿನದು. ರೈಸ್ ಕುಕ್ಕರ್ ಬೇಕೋ ಬೇಡವೋ ಎಂದು ತೀರ್ಮಾನಿಸುವ ಪ್ರಶ್ನೆಯನ್ನು ನನಗೆ ಇಷ್ಟು ವರ್ಷಗಳಲ್ಲಿ ಯಾವ ಅಂಗಡಿಯಲ್ಲೂ ಕೇಳಿಲ್ಲ. ನಿಮ್ಮ ಮನೆಯಲ್ಲಿ ದಿನಾ ಬೇಯುವುದು ಬೆಳ್ತಿಗೆ ಅಕ್ಕಿಯೋ (ಭತ್ತವನ್ನು ಬೇಯಿಸದೆ ಮಾಡಿದ ಬಿಳಿ ಅಕ್ಕಿ) ಕುಚ್ಚಲಕ್ಕಿಯೋ? ಅನ್ನವನ್ನು ಬಸಿಯುತ್ತೀರೋ, ನೀರು ಇಂಗಿಸುತ್ತೀರೋ?

ನನ್ನ ತವರು ಶಿರಸಿ ಸೀಮೆಯ ಅಡಿಕೆ ತೋಟದ ಮನೆ. ಗಂಡನ ಮನೆ ಘಟ್ಟದ ಕೆಳಗೆ, ಕುಮಟಾ ಹತ್ತಿರ. ನಾವಿಬ್ಬರೂ ನೌಕರಿ ಮಾಡಿಕೊಂಡು ಇಬ್ಬರು ಮಕ್ಕಳ ಜೊತೆ ಇರುವುದು ಕಾರವಾರದಲ್ಲಿ. ಈ ಮೂರೂ ಅಡುಗೆಮನೆಗೆ ಒಂದಲ್ಲ ಒಂದು ಕಾಲಕ್ಕೆ ರೈಸ್ ಕುಕ್ಕರ್ ಬಂದಿದೆ. ಒಂದು ಕಡೆ ದಿನವೂ ದುಡಿಯುತ್ತಿದೆ, ಒಂದು ಕಡೆ ಅಟ್ಟ ಸೇರಿದೆ, ಇನ್ನೊಂದು ಕಡೆ ಅದಕ್ಕೆ ಅನ್ನ ಮಾಡುವುದನ್ನು ಬಿಟ್ಟು ಬೇರೆ ಕೆಲಸ ಸಿಕ್ಕಿದೆ. ಯಂತ್ರ ಹೆಚ್ಚುಕಡಿಮೆ ಒಂದೇ. ಅಕ್ಕಿ ಬೇರೆ, ಉಣ್ಣುವ ಕ್ರಮ ಬೇರೆ. ಈಗ ನಾದಿನಿಯೂ ಕೊಳ್ಳುವ ಯೋಚನೆಯಲ್ಲಿದ್ದಾಳೆ. ಅವಳಿಗೆ ಫೋನಿನಲ್ಲಿ ತುಂಡು ತುಂಡಾಗಿ ಹೇಳಿದ್ದನ್ನೇ ಇಲ್ಲಿ ಕೂತು ಬರೆಯುತ್ತಿದ್ದೇನೆ.

ಯಂತ್ರಕ್ಕೆ ತಿಳಿಯುವುದು ನೀರು ಮಾತ್ರ

ಒಳಪಾತ್ರೆ ತೆಗೆದು ನೋಡಿದರೆ ಬಿಸಿಯಾಗುವ ತಟ್ಟೆಯ ನಡುವೆ ಸ್ಪ್ರಿಂಗ್ ಮೇಲೆ ಕೂತ ಗುಂಡಿಯೊಂದು ಕಾಣುತ್ತದೆ. ಇಡೀ ಸಾಮಾನಿನ ಜಾಣತನ ಇರುವುದು ಅಲ್ಲಿ. ಅದರೊಳಗೆ ಒಂದು ಅಯಸ್ಕಾಂತ, ಅದಕ್ಕೆ ಅಂಟಿಕೊಂಡ ಇನ್ನೊಂದು ತುಂಡು. ಪಾತ್ರೆಯಲ್ಲಿ ನೀರು ಇರುವಷ್ಟು ಹೊತ್ತು ತಳದ ಬಿಸಿ 100 ಡಿಗ್ರಿಯ ಹತ್ತಿರವೇ ನಿಲ್ಲುತ್ತದೆ. ಕುದಿಯುವ ನೀರು ಅದಕ್ಕಿಂತ ಮೇಲೆ ಹೋಗಲು ಬಿಡುವುದಿಲ್ಲ. ಅಕ್ಕಿ ನೀರನ್ನೆಲ್ಲ ಕುಡಿದು, ಉಳಿದದ್ದು ಆವಿಯಾಗಿ ಹೋದ ಕೂಡಲೇ ತಳ ಕಾಯತೊಡಗುತ್ತದೆ. ಸುಮಾರು 103 ಡಿಗ್ರಿಗೆ ಆ ತುಂಡು ಅಯಸ್ಕಾಂತದ ಹಿಡಿತ ಕಳೆದುಕೊಳ್ಳುತ್ತದೆ, ಸ್ಪ್ರಿಂಗ್ ದೂಡುತ್ತದೆ, 'ಟಕ್' ಎಂದು ಸ್ವಿಚ್ 'ಕುಕ್'ನಿಂದ 'ವಾರ್ಮ್'ಗೆ ಬೀಳುತ್ತದೆ.

ಅಂದರೆ ಅನ್ನ ಬೆಂದಿತೇ ಎಂಬುದು ಈ ಯಂತ್ರಕ್ಕೆ ತಿಳಿಯುವುದಿಲ್ಲ. ನೀರು ಮುಗಿಯಿತೇ ಎಂಬುದಷ್ಟೇ ತಿಳಿಯುತ್ತದೆ. ಈ ಒಂದು ಮಾತು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಅರ್ಧ ತಾನಾಗಿ ಹೊಳೆಯುತ್ತದೆ.

ಜಪಾನಿನ ತೋಷಿಬಾ ಕಂಪನಿ 1955ರ ಡಿಸೆಂಬರ್‌ನಲ್ಲಿ ಮಾರುಕಟ್ಟೆಗೆ ತಂದ ಮೊದಲ ಸ್ವಯಂಚಾಲಿತ ಕುಕ್ಕರ್ ಕೂಡ ನೀರನ್ನೇ ನಂಬಿತ್ತು. ಅದನ್ನು ರೂಪಿಸಿದ ಯೋಶಿತಾದಾ ಮಿನಾಮಿ ಎಂಬವರು ಎರಡು ಪಾತ್ರೆಯ ಉಪಾಯ ಮಾಡಿದ್ದರು: ಹೊರಪಾತ್ರೆಗೆ ಒಂದು ಲೋಟ ನೀರು, ಅದು ಆವಿಯಾಗಿ ಮುಗಿದಾಗ ಸ್ವಿಚ್ ಬಂದ್. ಮನೆಯಲ್ಲಿ ಅನ್ನ ಮಾಡಿ ಮಾಡಿ ಪರೀಕ್ಷೆ ಮಾಡಿದವರು ಅವರ ಹೆಂಡತಿ ಫುಮಿಕೊ. (ಯಂತ್ರದ ಕತೆಯಲ್ಲಿ ಹೆಂಡತಿಯ ಹೆಸರು ಉಳಿದದ್ದೇ ದೊಡ್ಡದು.) ಅವರು ಬೇಯಿಸುತ್ತಿದ್ದದ್ದು ಜಪಾನಿನ ಬಿಳಿ ಅಕ್ಕಿ. ಅದನ್ನು ಅಲ್ಲಿ ಬಸಿಯುವುದಿಲ್ಲ, ನೀರು ಇಂಗಿಸಿಯೇ ಮಾಡುತ್ತಾರೆ. ಆ ಅನ್ನಕ್ಕಾಗಿ ಹುಟ್ಟಿದ ಯಂತ್ರವನ್ನು ನಾವು ಗಂಜಿ ಉಣ್ಣುವ ಊರಿಗೆ ತಂದಿದ್ದೇವೆ.

ಬೆಳ್ತಿಗೆ ಅಕ್ಕಿಯ ಮನೆಗೆ

ಸೋನಾ ಮಸೂರಿಯಂಥ ಬೆಳ್ತಿಗೆ ಅಕ್ಕಿ ನಿಮ್ಮದಾದರೆ ಹೆಚ್ಚು ಹೇಳುವುದಿಲ್ಲ. ಯಂತ್ರ ಹೇಳಿದ ಕೆಲಸ ಮಾಡುತ್ತದೆ. ಹಳೆ ಅಕ್ಕಿಗೆ ಒಂದಕ್ಕೆ ಎರಡೂವರೆ, ಹೊಸ ಅಕ್ಕಿಗೆ ಒಂದಕ್ಕೆ ಎರಡು ನೀರು. ಅರ್ಧ ಕಿಲೋ ಅಕ್ಕಿ ಅರ್ಧ ಗಂಟೆಯ ಒಳಗೆ ಅನ್ನವಾಗುತ್ತದೆ. ಟಕ್ ಅಂದ ಮೇಲೆ ಹತ್ತು ನಿಮಿಷ ಮುಚ್ಚಳ ತೆಗೆಯಬೇಡಿ. ಮೇಲಿನ ಅಗುಳು ಆ ಹೊತ್ತಿನಲ್ಲೇ ಹದಕ್ಕೆ ಬರುವುದು. ತಂಬುಳಿಗೆ, ಅಪ್ಪೆಹುಳಿಗೆ ಕಲಸಿಕೊಳ್ಳಲು ಮೆತ್ತಗಿನ ಅನ್ನ ಬೇಕೆಂದರೆ ನೀರು ಕಾಲು ಲೋಟ ಹೆಚ್ಚು, ಚಿತ್ರಾನ್ನಕ್ಕೆ ಉದುರಾಗಬೇಕೆಂದರೆ ಕಾಲು ಲೋಟ ಕಡಿಮೆ. ಮೂರು ದಿನ ಮಾಡಿದರೆ ಕೈಗೆ ಅಳತೆ ಕೂತುಬಿಡುತ್ತದೆ.

ಕಾರವಾರದ ನಮ್ಮ ಮನೆಯಲ್ಲಿ ಬೆಳಿಗ್ಗೆ ಏಳರಿಂದ ಎಂಟೂವರೆಯವರೆಗೆ ಎರಡು ಬರ್ನರಿನ ಒಲೆಯ ಮೇಲೆ ದೋಸೆ, ಪಲ್ಯ, ಹಾಲು, ಚಹಾ ಎಲ್ಲ ಸರದಿ ನಿಲ್ಲುತ್ತವೆ. ಅನ್ನ ಆ ಸಾಲಿನಿಂದ ಹೊರಗೆ ಹೋಗಿ ಮೂಲೆಯಲ್ಲಿ ತನ್ನಷ್ಟಕ್ಕೆ ಆಗುತ್ತದಲ್ಲ, ಅದೇ ನಾನು ಆ ಯಂತ್ರಕ್ಕೆ ಕೊಟ್ಟ ಮೂರು ಸಾವಿರದ ಬೆಲೆ. ಮೂರನೇ ಬರ್ನರ್ ಕೊಂಡ ಹಾಗೆ. ವಿಸಲ್ ಎಣಿಸುವ ಕೆಲಸವಿಲ್ಲ, "ಎಷ್ಟಾಯ್ತೇ, ಮೂರಾ ನಾಲ್ಕಾ?" ಎಂದು ಬಚ್ಚಲಿನಿಂದ ಕೂಗುವ ಕೆಲಸವೂ ಇಲ್ಲ.

ಹೊರ ಊರಿನಿಂದ ಕೈಗಾ ಅಣುಸ್ಥಾವರಕ್ಕೋ ನೌಕಾನೆಲೆಗೋ ಕೆಲಸಕ್ಕೆ ಬಂದು ಬಾಡಿಗೆ ಕೋಣೆಯಲ್ಲಿರುವ ಒಂಟಿ ಹುಡುಗರಿಗೆ, ಗ್ಯಾಸ್ ಸಂಪರ್ಕ ಇಲ್ಲದವರಿಗೆ, ಒಂದು ಲೀಟರಿನದು ಸಾಕು. ಅದರಲ್ಲೇ ಮ್ಯಾಗಿ, ಅದರಲ್ಲೇ ಮೊಟ್ಟೆ, ಅದರಲ್ಲೇ ಖಿಚಡಿ. ಕೋಣೆ ಮಾಲೀಕರನ್ನು ಒಮ್ಮೆ ಕೇಳಿಕೊಳ್ಳಿ, ಅಷ್ಟೇ.

ಕುಚ್ಚಲಕ್ಕಿಯ ಮನೆಗೆ

ಕರಾವಳಿಯಲ್ಲಿ ಹೆಚ್ಚಿನವರ ಪ್ರಶ್ನೆ ಇದೇ ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಕುಚ್ಚಲಕ್ಕಿ ಅಂದರೆ ಭತ್ತವನ್ನೇ ನೆನೆಸಿ, ಬೇಯಿಸಿ, ಒಣಗಿಸಿ, ಆಮೇಲೆ ಅಕ್ಕಿ ಮಾಡಿದ್ದು. ಕೊಂಕಣಿ ಮಾತಾಡುವ ಮನೆಗಳಲ್ಲಿ ಉಕಡೆ ಅನ್ನುತ್ತಾರೆ. ಒಮ್ಮೆ ಬೆಂದು ಒಣಗಿದ ಕಾಳು ಗಟ್ಟಿಯಾಗಿರುತ್ತದೆ. ಮೇಲೆ ಕೆಂಪು ತೌಡಿನ ಪದರ ಉಳಿದಿದ್ದರೆ ನೀರು ಒಳಗೆ ಹೋಗುವುದು ಇನ್ನೂ ನಿಧಾನ. ತೆರೆದ ಪಾತ್ರೆಯಲ್ಲಿ ಮುಕ್ಕಾಲು ಗಂಟೆ, ಒಂದು ಗಂಟೆ ಬೇಕು. ನೀರು ಅಕ್ಕಿಯ ನಾಲ್ಕೈದು ಪಟ್ಟು. ಕೊನೆಗೆ ಗಂಜಿ ತಿಳಿ ಬಸಿಯಬೇಕು, ಇಲ್ಲವೇ ಆ ನೀರಿನಲ್ಲೇ ಗಂಜಿಯಾಗಿ ಉಣ್ಣಬೇಕು.

ಇದನ್ನು ಎಲೆಕ್ಟ್ರಿಕ್ ಕುಕ್ಕರಿಗೆ ಹಾಕಿದಾಗ ಎರಡು ಕಡೆ ಎಡವುತ್ತದೆ. ನೀರು ಕಡಿಮೆ ಹಾಕಿದರೆ ಅಕ್ಕಿ ಬೇಯುವ ಮೊದಲೇ ನೀರು ಮುಗಿದು ಟಕ್ ಅನ್ನುತ್ತದೆ. ಒಳಗೆ ಅರೆಬೆಂದ ಕಾಳು. ಮತ್ತೆ ನೀರು ಹಾಕಿ ಮತ್ತೆ ಸ್ವಿಚ್ ಒತ್ತಬೇಕು. ನೀರು ಸಾಕಷ್ಟು ಹಾಕಿದರೆ ಅದು ಮುಗಿಯುವುದೇ ಇಲ್ಲ, ಸ್ವಿಚ್ ಬೀಳುವುದೂ ಇಲ್ಲ. ನಾವು ನಿಂತು ನೋಡಿ ಕೈಯಿಂದಲೇ ಆರಿಸಬೇಕು. ಆಟೋಮ್ಯಾಟಿಕ್ ಎಂದು ದುಡ್ಡು ಕೊಟ್ಟದ್ದು ಯಾವುದಕ್ಕೋ ಆ ಗುಣವೇ ಹೋಯಿತು. ಮೇಲಿಂದ ಗಂಜಿಯ ನೊರೆ ಉಕ್ಕಿ ಮುಚ್ಚಳದ ತೂತಿನಿಂದ ಇಳಿದು, ಕಟ್ಟೆಯ ಮೇಲೆ ಹರಿದು, ಪ್ಲಗ್ಗಿನ ಕಡೆ ಹೊರಡುತ್ತದೆ. ಕುಮಟೆಯ ಮನೆಗೆ ನಾವು ತಂದುಕೊಟ್ಟ ಮೊದಲ ದಿನ ಆದದ್ದು ಇದೇ. "ಯಾವ ಅಕ್ಕಿ ಹಾಕಿದರೂ ಆಗ್ತದೆ" ಎಂದು ಮಾರಿದ ಅಂಗಡಿಯವರ ಮಾತನ್ನು ನಂಬಿ ನಾನು ದೊಡ್ಡ ಬಾಯಿ ಮಾಡಿ ಹೇಳಿದ್ದೆ. ಅತ್ತೆ ಏನೂ ಅನ್ನಲಿಲ್ಲ. ಕಟ್ಟೆ ಒರೆಸಿದರು, ಒಲೆಗೆ ಪಾತ್ರೆ ಇಟ್ಟರು.

ಅವರು ಬೇಯಿಸುವುದರಲ್ಲಿ ವರ್ಷಕ್ಕೆ ಕೆಲವು ತಿಂಗಳು ಕಗ್ಗದ ಅಕ್ಕಿ. ಅಘನಾಶಿನಿಯ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಬೆಳೆಯುವ ಭತ್ತ ಅದು, ಮಾಣಿಕಟ್ಟಾ ಕಡೆಯದು. ಉಪ್ಪಿಗೂ ನೆರೆಗೂ ಬಗ್ಗದ ಜಾತಿ, ಕಾಳು ಕೆಂಪು, ಗಂಜಿಗೆ ಹೇಳಿ ಮಾಡಿಸಿದ್ದು. ಅಂಥ ಅಕ್ಕಿಯನ್ನು ಅರ್ಧ ಗಂಟೆಯಲ್ಲಿ ಮುಗಿಸಲು ಹೊರಟದ್ದೇ ತಪ್ಪು.

ಹಾಗಾದರೆ ಕುಚ್ಚಲಕ್ಕಿಯ ಮನೆಗೆ ಏನು? ನನ್ನ ಉತ್ತರ ಥರ್ಮಲ್ ಕುಕ್ಕರ್. ಇದಕ್ಕೆ ಕರೆಂಟೂ ಬೇಡ, ಸ್ವಿಚ್ಚೂ ಇಲ್ಲ. ಒಳಗೊಂದು ಸ್ಟೀಲ್ ಪಾತ್ರೆ, ಹೊರಗೊಂದು ಬಿಸಿ ಹಿಡಿದಿಡುವ ದಪ್ಪ ಡಬ್ಬಿ. ತೊಳೆದ ಅಕ್ಕಿಗೆ ಬೇಕಾದಷ್ಟು ನೀರು ಹಾಕಿ ಒಳಪಾತ್ರೆಯನ್ನು ಗ್ಯಾಸಿನ ಮೇಲೆ ಹದಿನೈದು ಇಪ್ಪತ್ತು ನಿಮಿಷ ಚೆನ್ನಾಗಿ ಕುದಿಸಿ, ಮುಚ್ಚಳ ಸಮೇತ ಎತ್ತಿ ಡಬ್ಬಿಯೊಳಗೆ ಇಟ್ಟು ಮುಚ್ಚುವುದು. ಒಂದರಿಂದ ಒಂದೂವರೆ ಗಂಟೆ ಬಿಟ್ಟು ತೆಗೆದರೆ ಅನ್ನ ಬೆಂದಿರುತ್ತದೆ, ಬಸಿದುಕೊಳ್ಳಬಹುದು. ಉಕ್ಕುವುದಿಲ್ಲ, ತಳ ಹಿಡಿಯುವುದಿಲ್ಲ, ಕಾಯುವ ಕೆಲಸವಿಲ್ಲ. ಹಿಂದೆ ಪಾತ್ರೆಯನ್ನು ಹುಲ್ಲಿನಲ್ಲಿ ಹುಗಿದೋ ಗೋಣಿ ಸುತ್ತಿಯೋ ಇಡುತ್ತಿದ್ದ ಉಪಾಯವೇ ಸ್ಟೀಲಿನ ಅಂಗಿ ತೊಟ್ಟು ಬಂದದ್ದು.

ಅದಕ್ಕೂ ಕೆಲವು ಹಟಗಳಿವೆ. ಪಾತ್ರೆ ಮುಕ್ಕಾಲಾದರೂ ತುಂಬಿರಬೇಕು. ಇಬ್ಬರಿಗೆಂದು ದೊಡ್ಡ ಡಬ್ಬಿಯ ತಳದಲ್ಲಿ ಸ್ವಲ್ಪವೇ ಇಟ್ಟರೆ ಬಿಸಿ ಬೇಗ ಇಳಿದು ಅಕ್ಕಿ ಹಾಗೇ ಉಳಿಯುತ್ತದೆ. ಆಗಾಗ ಮುಚ್ಚಳ ತೆಗೆದು ನೋಡುವ ಚಾಳಿ ಇದ್ದರೆ ಇದು ನಿಮಗೆ ಹೇಳಿದ್ದಲ್ಲ. ಬೆಳಿಗ್ಗೆ ಇಟ್ಟದ್ದನ್ನು ರಾತ್ರಿಯವರೆಗೆ ಅದರಲ್ಲೇ ಬಿಡುವುದೂ ಬೇಡ. ಅನ್ನದ ಬಿಸಿ 60 ಡಿಗ್ರಿಗಿಂತ ಕೆಳಗೆ ಬಂದು ಉಗುರುಬೆಚ್ಚಗೆ ಕೂತರೆ ಅದನ್ನು ಹಾಳುಮಾಡುವ ರೋಗಾಣುಗಳಿಗೆ ಅದೇ ತಕ್ಕ ಜಾಗ, ಮಳೆಗಾಲವಾದರಂತೂ ಸರಿಯೇ ಸರಿ. ಬೆಳ್ತಿಗೆ ಅಕ್ಕಿಯನ್ನು ಇದರಲ್ಲಿ ಮಾಡಬಹುದು, ಆದರೆ ಐದು ನಿಮಿಷ ಮರೆತರೆ ಮುದ್ದೆ.

ಕಾರವಾರದಲ್ಲಿ ನಮ್ಮ ಪಕ್ಕದ ಮನೆಯವರದು ಉಕಡೆ ಅನ್ನ ಮತ್ತು ಮೀನು ಸಾರಿನ ಮನೆ, ಬೆಳಿಗ್ಗೆ ಪೇಜ್ (ಗಂಜಿ) ಇಲ್ಲದೆ ದಿನ ಶುರುವಾಗುವುದಿಲ್ಲ. ಅವರು ಎಲೆಕ್ಟ್ರಿಕ್ ಒಂದನ್ನು ಮಗನಿಗಾಗಿ ಕೊಂಡು, ತಮಗಾಗಿ ಥರ್ಮಲ್ ಇಟ್ಟುಕೊಂಡಿದ್ದಾರೆ. ಮೀನು ಪೇಟೆಗೆ ಹೊರಡುವ ಮೊದಲು ಕುದಿಸಿ ಡಬ್ಬಿಗೆ ಹಾಕಿ ಹೋಗುತ್ತಾರೆ, ಬಂದು ಮೀನು ಸೋಸಿ ಮಸಾಲೆ ಅರೆಯುವಷ್ಟರಲ್ಲಿ ಅನ್ನ ತಯಾರು. ಗ್ಯಾಸ್ ಹೊತ್ತಿಸಿ ಮನೆ ಬಿಟ್ಟು ಹೋಗುವ ಭಯವಿಲ್ಲದ್ದು ಅವರಿಗೆ ಎಲ್ಲಕ್ಕಿಂತ ದೊಡ್ಡ ಗುಣವಾಗಿ ಕಂಡಿದೆ.

ಪ್ರೆಶರ್ ಕುಕ್ಕರ್ ಮನೆಯಲ್ಲೇ ಇದೆಯಲ್ಲ?

ಇದೆ. ಬಹಳ ಮನೆಗಳಿಗೆ ಅದೇ ಸಾಕು ಎಂದು ನನಗೂ ಅನ್ನಿಸುತ್ತದೆ. ಒಳಗಿನ ಒತ್ತಡದಿಂದ ನೀರು 120 ಡಿಗ್ರಿಯ ಹತ್ತಿರ ಕುದಿಯುವುದರಿಂದ ಕುಚ್ಚಲಕ್ಕಿಯನ್ನೂ ಅದು ಮಣಿಸುತ್ತದೆ: ರಾತ್ರಿ ನೆನೆಸಿಟ್ಟು, ಐದಾರು ವಿಸಲ್ ಕೂಗಿಸಿ, ಒತ್ತಡ ತಾನಾಗಿ ಇಳಿಯುವವರೆಗೆ ಬಿಟ್ಟರೆ ಆಯಿತು. ಅದಕ್ಕಿಂತ ದೊಡ್ಡ ಅನುಕೂಲ ಬೇಳೆಯದ್ದು. ಕೆಳಗಿನ ಡಬ್ಬಿಯಲ್ಲಿ ಬೇಳೆ, ಮೇಲಿನದರಲ್ಲಿ ಅನ್ನ, ಒಂದೇ ಉರಿಯಲ್ಲಿ ಎರಡೂ. ಎಲೆಕ್ಟ್ರಿಕ್ ಕುಕ್ಕರಿನಲ್ಲಿ ಅನ್ನ ಮಾಡಿದ ಮೇಲೂ ಸಾಂಬಾರಿನ ಬೇಳೆಗೆ ಪ್ರೆಶರ್ ಕುಕ್ಕರ್ ಏರಿಸಬೇಕಾಗುತ್ತದೆ. ದಿನವೂ ಬೇಳೆ ಬೇಯಿಸುವ ಮನೆಯಲ್ಲಿ ರೈಸ್ ಕುಕ್ಕರ್ ತೊಳೆಯುವ ಪಾತ್ರೆಯನ್ನು ಹೆಚ್ಚಿಸುತ್ತದೆಯೇ ಹೊರತು ಕೆಲಸವನ್ನು ಕಡಿಮೆ ಮಾಡುವುದಿಲ್ಲ. ತಂಬುಳಿ, ಹಶಿ, ಮೀನು ಸಾರು ಇವುಗಳಲ್ಲೇ ಊಟ ಮುಗಿಯುವ ಮನೆಯಲ್ಲಿ ಈ ತಕರಾರಿಲ್ಲ.

ಪ್ರೆಶರ್ ಕುಕ್ಕರಿನ ಅನ್ನದ ಮೇಲೆ ನನ್ನ ದೂರು ಒಂದೇ. ನೇರವಾಗಿ ಹಾಕಿದರೆ ಅಗುಳು ಒಡೆದು ಅಂಟಂಟು. ಒಂದು ವಿಸಲ್ ಹೆಚ್ಚಾದ ದಿನ ಅನ್ನ ಸೌಟಿಗೆ ಕಚ್ಚಿಕೊಂಡು ಬರುತ್ತದೆ. ವಯಸ್ಸಾದವರ ಹಲ್ಲಿಗೆ ಅದೇ ಹಿತ ಎಂಬ ಮಾತೂ ಇದೆ.

ಎಲೆಕ್ಟ್ರಿಕ್ ಪ್ರೆಶರ್ ಕುಕ್ಕರ್ ಎಂಬ ಇನ್ನೊಂದು ಜಾತಿ ಬಂದಿದೆ, ಗುಂಡಿಗಳ ಸಾಲು, ಕೆಂಪು ಅಂಕಿ. ಕುಚ್ಚಲಕ್ಕಿಗೆ ಒಳ್ಳೆಯದೇ. ಆದರೆ ಒಳಗಿನ ಎಲೆಕ್ಟ್ರಾನಿಕ್ ಬೋರ್ಡ್ ನಮ್ಮ ವೋಲ್ಟೇಜಿನ ಏರಿಳಿತಕ್ಕೂ ಮಳೆಗಾಲದ ಸಿಡಿಲಿಗೂ ಹೆದರುವ ಜೀವ, ಹಾಳಾದರೆ ಹುಬ್ಬಳ್ಳಿಗೋ ಮಂಗಳೂರಿಗೋ ಹೊತ್ತುಕೊಂಡು ಹೋಗುವ ಹಣೆಬರಹ. ಸಾದಾ ಕುಕ್ಕರಿನ ಒಳಗಿರುವುದು ಒಂದು ಹೀಟರ್ ತಟ್ಟೆ, ಒಂದು ಸ್ವಿಚ್, ಒಂದು ಥರ್ಮಲ್ ಫ್ಯೂಸ್. ಮಿಕ್ಸರ್ ರಿಪೇರಿ ಮಾಡುವವರು ಅದನ್ನೂ ಮಾಡುತ್ತಾರೆ.

ದುಡ್ಡಿನ ಲೆಕ್ಕ

"ಗ್ಯಾಸ್ ಉಳಿಯುತ್ತದೆ" ಎಂಬ ಮಾತಿಗೆ ಮರುಳಾಗುವ ಮೊದಲು ಒಂದು ಚೂರು ಲೆಕ್ಕ. 14.2 ಕಿಲೋ ಸಿಲಿಂಡರಿನಲ್ಲಿ ಸುಮಾರು 180 ಯೂನಿಟ್ ಕರೆಂಟಿಗೆ ಸಮನಾದ ಶಾಖ ಇದೆ. ಒಲೆಯ ಉರಿಯಲ್ಲಿ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು ಪಾತ್ರೆಯ ಬದಿಯಿಂದ ಗಾಳಿಗೆ ಹೋಗುತ್ತದೆ, ಪಾತ್ರೆಗೆ ಸಿಗುವುದು ಹತ್ತಿರ ಹತ್ತಿರ 115. ಸಿಲಿಂಡರಿಗೆ ಲೆಕ್ಕಕ್ಕೆಂದು 900 ರೂಪಾಯಿ ಇಟ್ಟುಕೊಂಡರೆ ಉಪಯೋಗಕ್ಕೆ ಬಂದ ಒಂದು ಯೂನಿಟ್ ಶಾಖಕ್ಕೆ ಎಂಟು ರೂಪಾಯಿಯ ಆಸುಪಾಸು. ರೈಸ್ ಕುಕ್ಕರಿನಲ್ಲಿ ಶಾಖ ಪೋಲಾಗುವುದು ಕಡಿಮೆ. ಕರೆಂಟಿಗೆ ಎಲ್ಲ ಸೇರಿ ಯೂನಿಟ್‌ಗೆ ಏಳು ಹಿಡಿದರೂ ಅಲ್ಲಿಯೂ ಬರುವುದು ಎಂಟೇ. ಅರ್ಧ ಕಿಲೋ ಅಕ್ಕಿ ಬೇಯಲು 700 ವ್ಯಾಟಿನ ಕುಕ್ಕರ್ ಸುಮಾರು 0.3 ಯೂನಿಟ್ ತಿನ್ನುತ್ತದೆ, ಎರಡು ರೂಪಾಯಿ ಚಿಲ್ಲರೆ. ಗ್ಯಾಸಿನ ಮೇಲೆ ಪ್ರೆಶರ್ ಕುಕ್ಕರಿನಲ್ಲಿ ಮಾಡಿದರೂ ಅಷ್ಟೇ ಆಗುತ್ತದೆ. ಬೆಳ್ತಿಗೆ ಅನ್ನದ ವಿಷಯದಲ್ಲಿ ಉಳಿತಾಯ ಎಂಬುದು ಇಲ್ಲ. ಕೊಂಡದ್ದು ಪುರುಸೊತ್ತು ಎಂದು ಒಪ್ಪಿಕೊಂಡು ಕೊಂಡರೆ ಮನಸ್ಸಿಗೆ ನೆಮ್ಮದಿ.

ಗೃಹಜ್ಯೋತಿ ಇದೆಯಲ್ಲ, ಕರೆಂಟ್ ಪುಕ್ಕಟೆ ಎನ್ನುವವರು ತಮ್ಮ ಬಿಲ್ಲನ್ನು ಇನ್ನೊಮ್ಮೆ ನೋಡಿ. 2023ರ ಜುಲೈನಿಂದ ಬಂದ ಆ ಯೋಜನೆಯಲ್ಲಿ 200 ಯೂನಿಟ್ ಎಂಬುದು ಮೇಲಿನ ಮಿತಿ. ನಿಮಗೆ ಪುಕ್ಕಟೆ ಸಿಗುವುದು 2022–23ರ ನಿಮ್ಮದೇ ಸರಾಸರಿ ಮತ್ತು ಅದರ ಶೇಕಡಾ 10 (ತೀರ ಕಡಿಮೆ ಬಳಸುವ ಮನೆಗೆ ಶೇಕಡಾ ಲೆಕ್ಕದ ಬದಲು ಹತ್ತು ಯೂನಿಟ್). ಸರಾಸರಿ 60 ಇದ್ದ ಮನೆಗೆ 66. ದಿನಕ್ಕೆ ಎರಡು ಹೊತ್ತು ಕುಕ್ಕರ್ ಹಾಕಿದರೆ ತಿಂಗಳಿಗೆ 18 ಯೂನಿಟ್ ಹೊಸದಾಗಿ ಸೇರುತ್ತದೆ, ಆರು ಯೂನಿಟ್ಟಿನ ಆ ಅವಕಾಶ ಮೊದಲ ಹತ್ತು ದಿನದಲ್ಲೇ ಮುಗಿಯುತ್ತದೆ. ಉಳಿದದ್ದಕ್ಕೆ ದುಡ್ಡು. ಒಟ್ಟು 200 ದಾಟಿದ ತಿಂಗಳು ಪೂರ್ತಿ ಬಿಲ್ಲು ನಿಮ್ಮದೇ.

ಹಣ ನಿಜವಾಗಿ ಉಳಿಯುವುದು ಕುಚ್ಚಲಕ್ಕಿಯನ್ನು ತೆರೆದ ಪಾತ್ರೆಯಿಂದ ಥರ್ಮಲ್ ಕುಕ್ಕರಿಗೆ ಬದಲಾಯಿಸಿದಾಗ. ಒಂದು ಗಂಟೆ ಉರಿಯುವ ಒಲೆ ಇಪ್ಪತ್ತು ನಿಮಿಷಕ್ಕೆ ಇಳಿಯುತ್ತದೆ. ಕುಮಟೆಯ ಮನೆಯ ನನ್ನ ಅಂದಾಜಿನಲ್ಲಿ ದಿನಕ್ಕೆ ಐವತ್ತು ಗ್ರಾಂ ಗ್ಯಾಸ್ ಉಳಿದರೂ ವರ್ಷಕ್ಕೆ 18 ಕಿಲೋ, ಒಂದು ಸಿಲಿಂಡರ್ ಮೀರಿತು. ಕಟ್ಟಿಗೆ ಒಲೆಯಲ್ಲೋ ಗೋಬರ್ ಗ್ಯಾಸಿನಲ್ಲೋ ಅನ್ನ ಮಾಡುವವರಿಗೆ ಈ ಇಡೀ ಪುರಾಣ ಬೇಕಾಗಿಲ್ಲ.

ಕರೆಂಟು ಮತ್ತು ಮಳೆಗಾಲ

ಕೈಗಾದ ಒಂದನೇ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಒಂದೇ ಸಮನೆ ಓಡಿ ವಿಶ್ವದಾಖಲೆ ಬರೆಯಿತು. ಕಾಳಿ ಹೊಳೆಗೆ ಸೂಪಾದಿಂದ ಕದ್ರಾದವರೆಗೆ ಅಣೆಕಟ್ಟುಗಳ ಸಾಲು, ಶರಾವತಿಗೆ ಗೇರುಸೊಪ್ಪದ್ದು. ಎಲ್ಲ ನಮ್ಮ ಜಿಲ್ಲೆಯಲ್ಲೇ. ಆದರೂ ಆಷಾಢದಲ್ಲಿ ತವರುಮನೆಯಲ್ಲಿ 962 ನಿಮಿಷ ಕರೆಂಟ್ ಹೋಗದೆ ಉಳಿದರೆ ಅಪ್ಪ ಅದನ್ನು ಫೋನ್ ಮಾಡಿ ಹೇಳುತ್ತಾನೆ. ಯಾರ ತಪ್ಪೂ ಅಲ್ಲ. ಕಾಡಿನ ನಡುವೆ ತಂತಿ, ಗಾಳಿಗೆ ಮರ, ಮರದ ಕೆಳಗೆ ಕಂಬ. ಲೈನ್‌ಮನ್ ಕಂಬಳಿಕೊಪ್ಪೆಯಂತೆ ರೇನ್‌ಕೋಟ್ ಹೊದ್ದು ಬರುವುದನ್ನೇ ಕಾಯಬೇಕು.

ಕರೆಂಟ್ ಇದ್ದಾಗಲೂ ವೋಲ್ಟೇಜ್ ನೋಡಿಕೊಳ್ಳಿ. ಹೀಟರಿನ ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ವೋಲ್ಟಿನಲ್ಲಿ 700 ವ್ಯಾಟ್ ಕೊಡುವ ತಟ್ಟೆ 170ರಲ್ಲಿ ಕೊಡುವುದು 380 ಮಾತ್ರ, ಅರ್ಧಕ್ಕಿಂತ ಸ್ವಲ್ಪ ಮೇಲೆ. ಸಂಜೆ ಎಲ್ಲರೂ ಪಂಪು, ಗೀಸರ್ ಹಾಕುವ ಹೊತ್ತಿಗೆ ನಮ್ಮ ತವರಿನ ಬಲ್ಬು ಕೆಂಪಗಾಗುತ್ತದೆ. ಆಗ ಇಟ್ಟ ಅಕ್ಕಿ ಒಂದು ಗಂಟೆ ಬೆಚ್ಚನೆಯ ನೀರಿನಲ್ಲಿ ಸ್ನಾನ ಮಾಡಿ ಕೊನೆಗೆ ಮುದ್ದೆಯಾಗುತ್ತದೆ. ಇದು ಯಂತ್ರದ ದೋಷ ಎಂದು ಅಣ್ಣ ಅಂಗಡಿಗೆ ಹೊತ್ತುಕೊಂಡು ಹೋಗಿದ್ದ; ಅಲ್ಲಿ ಅದು ಇಪ್ಪತ್ತೈದು ನಿಮಿಷದಲ್ಲಿ ಅನ್ನ ಮಾಡಿ ತೋರಿಸಿತು. ಮನೆಯ ಸಾದಾ ಇನ್ವರ್ಟರ್ ಮೇಲೆ ಹಾಕುವ ಆಸೆಯೂ ಬೇಡ. ಫ್ಯಾನು ಬಲ್ಬಿಗೆಂದು ಇಟ್ಟ ಇನ್ವರ್ಟರಿಗೆ 700 ವ್ಯಾಟ್ ಅಂದರೆ ಕತ್ತಿನವರೆಗೆ ಹೊರೆ.

ತವರಿನಲ್ಲಿ ಇನ್ನೊಂದು ಕಾರಣವೂ ಇತ್ತು. ಅಣ್ಣ ಕುಕ್ಕರ್ ತಂದ ದಿನ ಆಯಿ (ಅಮ್ಮ) ಕೇಳಿದ ಪ್ರಶ್ನೆ: "ಗಂಜಿನೇ ಬರದಿದ್ರೆ ದನಕ್ಕೆ ಎಂತ ಹಾಕವು?" ನಾವು ನಕ್ಕೆವು, ಆದರೆ ಅದು ಸರಿಯಾದ ಪ್ರಶ್ನೆ. ಬೆಳ್ತಿಗೆ ಅಕ್ಕಿಯಾದರೂ ಅವಳದು ಬಾಗಿಸಿದ, ಅಂದರೆ ಬಸಿದ, ಅನ್ನ. ಆ ಗಂಜಿ ಅಕ್ಕಚ್ಚಿನ (ಅಕ್ಕಿ ತೊಳೆದ ನೀರಿನ) ಜೊತೆ ಕೊಟ್ಟಿಗೆಗೆ ಹೋಗಬೇಕು, ಅಪ್ಪನ ಬಿಳಿ ಪಂಚೆಗೆ ಹೋಗಬೇಕು, ಜ್ವರ ಬಂದ ಮಗುವಿಗೆ ಉಪ್ಪು ಹಾಕಿ ಕೊಡಬೇಕು. ಇಂಗಿಸಿದ ಅನ್ನದಲ್ಲಿ ಅದೆಲ್ಲ ಅನ್ನದೊಳಗೇ ಉಳಿಯುತ್ತದೆ. "ಬಸಿದ ಅನ್ನ ಸಕ್ಕರೆ ಕಾಯಿಲೆಗೆ ಒಳ್ಳೆಯದು" ಎಂದು ಕೆಲವರು ಕುಕ್ಕರ್ ಬೇಡವೆನ್ನುತ್ತಾರೆ. ಗಂಜಿಯೊಂದಿಗೆ ಸ್ವಲ್ಪ ಪಿಷ್ಟ ಹೋಗುವುದು ಹೌದು, ನೀರಿನಲ್ಲಿ ಕರಗುವ ಬಿ ಜೀವಸತ್ವವೂ ಹೋಗುತ್ತದೆ. ತಟ್ಟೆಯಲ್ಲಿ ಉಳಿದದ್ದು ಅನ್ನವೇ. ಸಕ್ಕರೆ ಇರುವವರು ಪಾತ್ರೆ ಬದಲಿಸುವುದಕ್ಕಿಂತ ಬಡಿಸಿಕೊಳ್ಳುವ ಸೌಟು ಎಣಿಸುವುದು ಹೆಚ್ಚು ಕೆಲಸಕ್ಕೆ ಬರುತ್ತದೆ.

ಕೊಳ್ಳುವುದೇ ಎಂದು ನಿಶ್ಚಯವಾದರೆ

ಬೆಳ್ತಿಗೆ ಅಕ್ಕಿ, ಬೆಳಗಿನ ಗಡಿಬಿಡಿ, ನಂಬುವಂಥ ಕರೆಂಟ್, ಈ ಮೂರೂ ಇದ್ದರೆ ಕೊಳ್ಳಿ. ನಾಲ್ಕೈದು ಜನಕ್ಕೆ 1.8 ಲೀಟರ್ ಎಂದು ಬರೆದದ್ದು ಧಾರಾಳ. ಆದರೆ ಲೀಟರಿನ ಅಂಕಿಯನ್ನು ಪೂರ್ತಿ ನಂಬಬೇಡಿ. ಡಬ್ಬಿಯ ಬದಿಯಲ್ಲಿ 'ಎಷ್ಟು ಅಕ್ಕಿ' ಎಂದು ಬೇರೆಯಾಗಿ ಬರೆದಿರುತ್ತದೆ, ಅದನ್ನು ಓದಿ. ಜೊತೆಗೆ ಬರುವ ಪ್ಲಾಸ್ಟಿಕ್ ಲೋಟ ಸಾಮಾನ್ಯವಾಗಿ 180 ಮಿಲಿಲೀಟರಿನದು, ಜಪಾನಿನ ಹಳೆಯ ಅಳತೆ. ಒಳಪಾತ್ರೆಯ ಗೆರೆಗಳು ಆ ಲೋಟಕ್ಕೆ ಸರಿಯಾಗಿವೆ, ನಿಮ್ಮ ಮನೆಯ ಅಕ್ಕಿ ಅಳೆಯುವ ಸಿದ್ದೆಗೆ ಅಲ್ಲ. ಲೋಟ ಕಳೆದುಹೋದ ಮೇಲೆ "ಕುಕ್ಕರ್ ಕೆಟ್ಟಿದೆ" ಎಂದು ಹೇಳಿದವರನ್ನು ನಾನು ಬಲ್ಲೆ. ಅವರ ಹೆಸರು ಹೇಳಿದರೆ ನಮ್ಮ ಮನೆಯಲ್ಲಿ ಜಗಳವಾಗುತ್ತದೆ.

ಒಳಪಾತ್ರೆ ಅಲ್ಯುಮಿನಿಯಂ ಆದರೆ ಅದರಲ್ಲಿ ಹುಣಸೆ, ಮುರುಗಲು, ಟೊಮೆಟೊ ಬೇಯಿಸಬೇಡಿ. ಹುಳಿ ಆ ಲೋಹವನ್ನು ತಿನ್ನುತ್ತದೆ. ಕಪ್ಪು ಲೇಪ ಇದ್ದರೆ ಸ್ಟೀಲ್ ಸೌಟು ದೂರ. ಪಾತ್ರೆಯ ಹೊರತಳವನ್ನು ಪ್ರತಿ ಸಲ ಒರೆಸಿ ಇಡಿ. ಒಂದು ಅಗುಳು ತಟ್ಟೆಯ ಮೇಲೆ ಬಿದ್ದಿದ್ದರೂ ಪಾತ್ರೆ ಸಮನಾಗಿ ಕೂರದೆ ಒಂದು ಕಡೆ ಸೀದು ಇನ್ನೊಂದು ಕಡೆ ಹಸಿ ಉಳಿಯುತ್ತದೆ. ಕಾರವಾರದಂಥ ಕಡಲ ತೀರದಲ್ಲಿ ಉಪ್ಪುಗಾಳಿ ತಗಡಿನ ಹೊರಮೈಯನ್ನೂ ವೈರಿನ ಪಿನ್ನುಗಳನ್ನೂ ಬೇಗ ತಿನ್ನುತ್ತದೆ. ಸಿಂಕಿನ ಪಕ್ಕ, ಕಿಟಕಿಯ ಕೆಳಗೆ ಇಡಬೇಡಿ. ಮೂರು ಪಿನ್ನಿನ ಪ್ಲಗ್ಗಿಗೆ ಅರ್ಥಿಂಗ್ ಸರಿಯಾಗಿದೆಯೇ ಎಂದು ಎಲೆಕ್ಟ್ರಿಷಿಯನ್ ಹತ್ತಿರ ಒಮ್ಮೆ ನೋಡಿಸಿ, ಒದ್ದೆ ನೆಲದ ಅಡುಗೆಮನೆಯಲ್ಲಿ ಅದೇ ಜೀವ ಕಾಯುವುದು. 'ವಾರ್ಮ್'ನಲ್ಲಿ ನಾಲ್ಕೈದು ಗಂಟೆ ಸಾಕು, ಆಮೇಲೆ ಅನ್ನ ಹಳದಿಯಾಗಿ ವಾಸನೆ ಹಿಡಿಯುತ್ತದೆ. ಎರಡು ಒಳಪಾತ್ರೆ ಸಿಗುವ ಮಾದರಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ಚಿಂತೆಯಿಲ್ಲ, ಅನ್ನ ತುಂಬಿದ ಒಂದು ಮೇಜಿನ ಮೇಲಿರುವಾಗ ಇನ್ನೊಂದರಲ್ಲಿ ಕೆಲಸ ಸಾಗುತ್ತದೆ.

ಅಂಗಡಿಯಲ್ಲೇ ಪ್ಲಗ್ ಹಾಕಿಸಿ ಅರ್ಧ ಲೋಟ ನೀರು ಕುದಿಸಿ, ಅದು ಮುಗಿದಾಗ ಸ್ವಿಚ್ ತಾನಾಗಿ ಬೀಳುತ್ತದೆಯೇ ನೋಡಿ. ಹತ್ತು ನಿಮಿಷದ ಕೆಲಸ, ಯಾರೂ ಬೇಡವೆನ್ನುವುದಿಲ್ಲ. ವಾರಂಟಿ ಕಾರ್ಡಿಗೆ ತಾರೀಖು ಸಮೇತ ಸೀಲ್ ಹಾಕಿಸಿಕೊಳ್ಳಿ. ಮಾರಿಕಾಂಬಾ ಜಾತ್ರೆಯ ಅಂಗಡಿಯಲ್ಲಿ ಕಡಿಮೆಗೆ ಸಿಕ್ಕಿತೆಂದು ಕೊಂಡರೆ, ಮುಂದಿನ ಜಾತ್ರೆ ಎರಡು ವರ್ಷದ ಮೇಲೆ ಎಂಬುದೂ ನೆನಪಿರಲಿ.

ಈಗಾಗಲೇ ಕೊಂಡು ಪಶ್ಚಾತ್ತಾಪ ಪಡುತ್ತಿರುವವರಿಗೂ ದಾರಿ ಇದೆ. ತೂತಿನ ತಟ್ಟೆ ಇಟ್ಟು ಕಡುಬು, ಪತ್ರೊಡೆ ಹಬೆಯಲ್ಲಿ ಬೇಯಿಸಲು ಅದು ಚೆನ್ನಾಗಿದೆ. ಕುಮಟೆಯ ಅಟ್ಟದಲ್ಲಿರುವುದು ಶ್ರಾವಣದಲ್ಲಿ ಅದಕ್ಕಾಗಿ ಮಾತ್ರ ಕೆಳಗಿಳಿಯುತ್ತದೆ. ಶಿರಸಿಯಲ್ಲಿ ಆಯಿ ಈಗಲೂ ಗೋಬರ್ ಗ್ಯಾಸಿನ ಮೇಲೆ ತಪ್ಪಲೆ ಇಟ್ಟು ಅನ್ನ ಬಾಗಿಸುತ್ತಾಳೆ, ಗಂಜಿಯನ್ನು ಕೊಟ್ಟಿಗೆಗೆ ಕಳಿಸುತ್ತಾಳೆ. ಆಮೇಲೆ ಆ ಅನ್ನವನ್ನು ರೈಸ್ ಕುಕ್ಕರಿಗೆ ಹಾಕಿ 'ವಾರ್ಮ್' ಒತ್ತಿ ಮುಚ್ಚುತ್ತಾಳೆ. ಅಡಿಕೆ ಕೊನೆ ಕೊಯ್ಯುವ ದಿನಗಳಲ್ಲಿ ತೋಟದಿಂದ ಯಾರು ಎಷ್ಟು ಹೊತ್ತಿಗೆ ಬಂದರೂ ಬಿಸಿ ಅನ್ನ. ನಾದಿನಿಗೆ ಇದನ್ನು ಹೇಳಿದರೆ, "ಅಷ್ಟಕ್ಕೆ ಒಂದು ಹಾಟ್‌ಬಾಕ್ಸ್ ಸಾಕಾಗಿತ್ತಲ್ಲ ಅತ್ತಿಗೆ" ಅಂದಳು. ಆಯಿಗೆ ನಾನು ಅದನ್ನು ಹೇಳಿಲ್ಲ.